ಹಿಂಗಾರಿಯ ತಂಪಿನಲ್ಲಿ ಬೀನ್ಸ್ ಬೆಳೆ

ಮೈಸೂರು ಸೀಮೆಯಲ್ಲಿ ಹುರುಳಿಕಾಯಿ ಎನಿಸಿಕೊಳ್ಳುವ ಬೀನ್ಸ್ ತಂಪು ಹವೆಯ ಕಾಯಿಪಲ್ಯೆಯು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗಗಳಲ್ಲಿ ಇಂಥ ತಂಪು ನವೆಂಬರದಿಂದ ಜನೇವರಿಯವರೆಗೆ ಮಾತ್ರ ಉಂಟು. ಗಿಡವು ಬಿಸಿಲನ್ನು ಕೆಲಮಟ್ಟಿಗೆ ತಾಳಿದರೂ ಹೂವು ತಾಳದು. ಹಗಲಿನ ಉಷ್ಣತೆಯು ಸೆಂಟಿಗ್ರೇಡ್ 30 ಅಂಶಗಳನ್ನು ಮೀರುತ್ತ ಹೋದಂತೆ ಹೂವು ಉದುರಿ ಕಾಯಿ ಕಡಿಮೆಯಾಗುವುದು. ಆದಕಾರಣ ಹೂವಿನ ಕಾಲವು ತಂಪಿನಲ್ಲಿ ಬರುವಂತೆ ಬಿತ್ತುವುದೇ ಈ ಬೆಳೆಯ ಮರ್ಮವು.

ಕಾಲ: ಗಿಡ್ಡ ಜಾತಿಗಳು ಬಿತ್ತಿದ ಸುಮಾರು 35ರಿಂದ 40 ದಿವಸಗಳಿಗೆ ಹೂ ಬಿಡುವವು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ಇಂಥದೊಂದು ಜಾತಿ. ಬಾವಿಯ ನೀರುಳ್ಳವರು ಅಕ್ಟೋಬರದಿಂದ ನವೆಂಬರದ ನಡುವಿನೊಳಗಾಗಿ ಬಿತ್ತತಕ್ಕದ್ದು. ಸಂಕ್ರಾಂತಿಯ ತರುವಾಯ ಬಿತ್ತಿದರೆ ಹೂವು ಬೇಸಿಗೆಗೆ ಸಿಕ್ಕು ಬೀಜ, ಗೊಬ್ಬರ, ನೀರು ಮೂರೂ ವ್ಯರ್ಥವಾಗುವವು.

ಬೀಜದ ಪರೀಕ್ಷೆ: ಕಾಲ ತಪ್ಪಿದರೆ ಮರುಬಿತ್ತನೆಗೆ ಅವಕಾಶವಿಲ್ಲ. ಆದುದರಿಂದ ಕಲೆಬಿದ್ದ, ಹುಳು ಕೊರೆದ ಬೀಜಗಳನ್ನು ಆರಿಸಿ ತೆಗೆಯಬೇಕು. ಚಿಬ್ಬು ರೋಗವು ಬೀಜದ ಮೂಲಕವೇ ಹರಡುವುದು. ಉಳಿದವುಗಳಲ್ಲಿ 20 ಬೀಜಗಳನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಒಂದು ವಾರ ಇಟ್ಟು ನೋಡಬೇಕು. ಮೊಳೆತವು 16ಕ್ಕಿಂತ ಕಡಿಮೆಯಿದ್ದರೆ ಬೇರೆ ಬೀಜ ತರುವುದು ಲೇಸು. ಊರಿಗೆ ಒಟ್ಟಾಗಿ ಬೀಜ ತರಿಸುವಲ್ಲಿ ಗೌಡರು ಈ ಪರೀಕ್ಷೆಯನ್ನು ಎಲ್ಲರೆದುರಿಗೆ ಮಾಡಿಸಿ, ಆಮೇಲೆ ಹಂಚುವುದು ಯುಕ್ತವು.

ಬಿತ್ತನೆ: ನೀರು ನಿಲ್ಲದ ಮಸಾರಿ ಭೂಮಿ ಉತ್ತಮ. ಎರೆಭೂಮಿಯಾದರೆ ಏರುಮಡಿ ಕಟ್ಟಬೇಕು. ಈ ಗಿಡದ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಸಾಲುವಷ್ಟು ಹಿಡಿಯಲಾರವು. ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರವನ್ನು ಬಿಡದೆ ಹಾಕಬೇಕು. ಬೀಜವನ್ನು ರಾತ್ರಿಯೆಲ್ಲ ನೆನೆಯಿಡಕೂಡದು. ಸಿಪ್ಪೆ ಒಡೆದು ಕೊಳೆಯುವುದು. ಮೊದಲು ಮಡಿಗೆ ನೀರುಣಿಸಿ, ಹದ ಬಂದ ಮೇಲೆ ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಬೀಜದಿಂದ ಬೀಜಕ್ಕೆ 4 ಅಂಗುಲ ಬಿಟ್ಟು, ಒಂದು ಅಂಗುಲ ಆಳಕ್ಕೆ ಊರಬೇಕು. ಹದ ಸರಿಯಾಗಿದ್ದರೆ ಮೊಳಕೆ ಮೇಲೇಳುವವರೆಗೆ ಪುನಃ ನೀರು ಬಿಡಬಾರದು. ಬಿಟ್ಟರೆ ಮೇಲ್ಮಣ್ಣು ಹೆಪ್ಪುಗಟ್ಟಿ ಮೊಳಕೆಯನ್ನು ತಡೆಯುವುದು. ಹೂ ಬಿಡುವಾಗ ಮಾತ್ರ ನೀರಿಗೆ ಕೊರತೆಯಾಗಬಾರದು.

ಕೊಯ್ಲು ಮತ್ತು ಬೀಜ: ಎಳೆಗಾಯಿಗಳನ್ನು ಎರಡು ಮೂರು ದಿವಸಗಳಿಗೊಮ್ಮೆ ಕೊಯ್ಯುತ್ತಿದ್ದರೆ ಗಿಡವು ಮತ್ತೆ ಕಾಯಿ ಬಿಡುವುದು. ರೋಗವಿಲ್ಲದ ಕೆಲವು ಗಿಡಗಳನ್ನು ಗುರುತಿಸಿ, ಅವುಗಳ ಕಾಯಿಯನ್ನು ಗಿಡದಲ್ಲಿಯೇ ಒಣಗಲು ಬಿಡಬೇಕು. ಬೀನ್ಸ್ ಬಹುತರವಾಗಿ ಸ್ವಕೀಯ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಜಾತಿಯು ಕೆಡುವ ಭಯ ಸ್ವಲ್ಪ. ಹೀಗೆ ಬಂದ ಬೀಜವನ್ನು ಚೆನ್ನಾಗಿ ಒಣಗಿಸಿ, ಒಣ ಬೂದಿಯೊಡನೆ ಬೆರೆಸಿ, ಗಡಿಗೆಯ ಬಾಯಿ ಭದ್ರಪಡಿಸಿ ಇಟ್ಟವರು ಮುಂದಿನ ವರ್ಷ ಬೀಜಕ್ಕಾಗಿ ಪರರ ಬಾಗಿಲಿಗೆ ಹೋಗಬೇಕಾಗಿಲ್ಲ.