ನುಂಗುವುದಲ್ಲ, ನಾಲಿಗೆ ಒರಗುವ ಜಾಗ ಮುಖ್ಯ

ಇವತ್ತು ಒಂದು ಸಣ್ಣ ಪ್ರಯೋಗದಿಂದ ಶುರು ಮಾಡೋಣ. ಬಾಯಿ ಮುಚ್ಚಿ, ಒಮ್ಮೆ ಉಗುಳು ನುಂಗಿ. ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ಒತ್ತಿಕೊಂಡಿತು, ಅಲ್ವಾ? ಕೆಲವರಲ್ಲಿ ಅದು ಹಲ್ಲುಗಳ ನಡುವೆ ಮುಂದಕ್ಕೆ ನುಗ್ಗುತ್ತದೆ. ಇದಕ್ಕೆ ಟಂಗ್ ಥ್ರಸ್ಟ್ ಅಂತಾರೆ.

ಒಬ್ಬ ತಾಯಿ ನಮಗೆ ಬರೆದಿದ್ದಾರೆ: "ಮಗಳಿಗೆ ಏಳು ವರ್ಷ. ನುಂಗುವಾಗ ನಾಲಿಗೆ ಮುಂದೆ ಬರುತ್ತೆ. ಬಾಯಿ ಮುಚ್ಚಿದರೂ ಮುಂದಿನ ಹಲ್ಲುಗಳು ಕೂಡಲ್ಲ. ನುಂಗೋದನ್ನ ತಿದ್ದಿದ್ರೆ ಸರಿಹೋಗುತ್ತಾ?"

ಹಸುಗೂಸುಗಳೆಲ್ಲ ನಾಲಿಗೆ ಮುಂದಿಟ್ಟೇ ನುಂಗುತ್ತವೆ. ಹಲ್ಲು ಬಂದ ಮೇಲೆ ಈ ರೀತಿ ನಿಧಾನವಾಗಿ ಬದಲಾಗುತ್ತದೆ, ಕೆಲವು ಮಕ್ಕಳಲ್ಲಿ ತಡವಾಗಿ.

ಈಗ ಒಂದು ಲೆಕ್ಕ. ದಿನಕ್ಕೆ 1000 ಸಲ ನುಂಗುತ್ತೇವೆ, ಪ್ರತಿ ಸಲ ನಾಲಿಗೆ ಒಂದು ಸೆಕೆಂಡ್ ಒತ್ತುತ್ತದೆ ಅಂತಿಟ್ಟುಕೊಳ್ಳಿ. ಒಟ್ಟು 17 ನಿಮಿಷವೂ ಆಗಲ್ಲ. ಹಲ್ಲು ಜರುಗಲು ದಿನಕ್ಕೆ ಹಲವು ಗಂಟೆಗಳ ಒತ್ತಡ ಬೇಕು. ಹಾಗಾಗಿ ನುಂಗುವ ಕ್ಷಣಕ್ಕಿಂತ, ಸುಮ್ಮನಿದ್ದಾಗ ನಾಲಿಗೆ ಎಲ್ಲಿ ಒರಗಿರುತ್ತೆ ಅನ್ನೋದೇ ಮುಖ್ಯ ಎಂದು ಅಮೆರಿಕದ ದಂತತಜ್ಞ ವಿಲಿಯಂ ಪ್ರಾಫಿಟ್ 1978ರಲ್ಲಿ ವಾದಿಸಿದರು. ಎಷ್ಟೋ ಸಲ ಹಲ್ಲಿನ ಸಂದನ್ನು ಮುಚ್ಚಲೆಂದೇ ನಾಲಿಗೆ ಮುಂದೆ ಬರುತ್ತದೆ. ಸಂದು ಮೊದಲು, ಅಭ್ಯಾಸ ಆಮೇಲೆ.

ಹಾಗಾದರೆ ನಾಲಿಗೆ ಯಾಕೆ ಕೆಳಗಿಳಿಯುತ್ತೆ? ಒಂದು ಮುಖ್ಯ ಕಾರಣ ಕಟ್ಟಿದ ಮೂಗು. ಅಲರ್ಜಿಯಿಂದಲೋ ಊದಿಕೊಂಡ ಅಡಿನಾಯ್ಡ್‌ನಿಂದಲೋ ಮೂಗು ಕಟ್ಟಿದಾಗ ಮಗು ಬಾಯಲ್ಲಿ ಉಸಿರಾಡುತ್ತದೆ. ಆಗ ನಾಲಿಗೆ, ಕೆಳದವಡೆ ಎರಡೂ ಇಳಿಯುತ್ತವೆ. ಹೊರಗಿನಿಂದ ಕೆನ್ನೆ ಒತ್ತುತ್ತಿರುತ್ತೆ, ಒಳಗಿನಿಂದ ನಾಲಿಗೆಯ ಆಸರೆ ಇರಲ್ಲ. ಬೆಳೆಯುವ ವಯಸ್ಸಿನಲ್ಲಿ ಇದು ವರ್ಷಗಟ್ಟಲೆ ನಡೆದರೆ ಅಂಗುಳ ಕಿರಿದಾಗಬಹುದು, ಮುಖ ಉದ್ದವಾಗಬಹುದು. ಎಳೆಯ ಕೋತಿಗಳ ಮೂಗು ಮುಚ್ಚಿ ನೋಡಿದ ಈಗಿಲ್ ಹಾರ್ವೊಲ್ಡ್ ತಂಡ, ಅವುಗಳ ದವಡೆ ಬದಲಾದದ್ದನ್ನು 1981ರಲ್ಲಿ ಪ್ರಕಟಿಸಿತು. ಆದರೆ ಎಲ್ಲ ಕೋತಿಗಳಲ್ಲೂ ಬದಲಾವಣೆ ಒಂದೇ ಥರ ಇರಲಿಲ್ಲ. ಮನುಷ್ಯರಲ್ಲೂ ಅಷ್ಟೇ; ಅಪ್ಪ ಅಮ್ಮನಿಂದ ಬಂದ ಮುಖದ ಅಚ್ಚೂ ಲೆಕ್ಕಕ್ಕೆ ಬರುತ್ತೆ.

ನಾಲಿಗೆ ಅಂಗುಳಕ್ಕೆ ಒತ್ತಿದರೆ ದೊಡ್ಡವರ ದವಡೆಯೂ ಚೂಪಾಗುತ್ತೆ ಅನ್ನೋ 'ಮ್ಯೂಯಿಂಗ್' ವಿಡಿಯೋಗಳನ್ನು ನೀವೂ ನೋಡಿರ್ತೀರಿ. ಅದಕ್ಕೆ ಗಟ್ಟಿ ಪುರಾವೆ ಇಲ್ಲ.

ಆ ತಾಯಿಗೆ ನಮ್ಮ ಮಾತು ಇಷ್ಟು: ನುಂಗಿದ್ದಕ್ಕೆ ಮಗಳನ್ನು ಗದರಬೇಡಿ. ಇವತ್ತು ರಾತ್ರಿ ಅವಳು ಮಲಗಿದ ಮೇಲೆ ನೋಡಿ. ಬಾಯಿ ತೆರೆದಿದೆಯಾ? ಗೊರಕೆ ಇದೆಯಾ? ಬೆರಳು ಚೀಪ್ತಾಳಾ? ಗೊರಕೆಯಿದ್ದರೆ ಮೊದಲು ಕಿವಿ ಮೂಗು ಗಂಟಲಿನ ವೈದ್ಯರ ಹತ್ತಿರ, ಜೊತೆಗೆ ಆರ್ಥೊಡಾಂಟಿಸ್ಟ್ ಹತ್ತಿರ ಕರೆದೊಯ್ಯಿರಿ. ಏಳು ವರ್ಷಕ್ಕೆ ತಡವೇನೂ ಆಗಿಲ್ಲ.

ಮುಂದಿನ ಕಂತಿನಲ್ಲಿ ಸಿಗೋಣ.