ನೂರು ವರ್ಷ ಕಾಯುವ ಪೀಪಾಯಿ

ಮೊಮ್ಮಕ್ಕಳ ಕಾಲಕ್ಕಿರಲಿ ಎಂದು ಅಜ್ಜ ಸಸಿ ನೆಡುವುದುಂಟು. ಪೀಪಾಯಿ ತುಂಬಿಸಿಡುವುದನ್ನು ಕೇಳಿದ್ದೀರಾ? ಅದನ್ನು ನೋಡಲು ದಕ್ಷಿಣ ಆಸ್ಟ್ರೇಲಿಯದ ಬರೋಸ ಕಣಿವೆಗೆ ಹೋಗಬೇಕು. ಅಡಿಲೇಡ್ ನಗರದಿಂದ ಸುಮಾರು ಒಂದು ಗಂಟೆಯ ದಾರಿ. ಅಲ್ಲಿ ಋತುಗಳು ನಮಗೆ ತಿರುಗುಮುರುಗು. ನಮ್ಮಲ್ಲಿ ಬೇಸಿಗೆ ಏರುವಾಗ ಅಲ್ಲಿ ದ್ರಾಕ್ಷಿಯ ಸುಗ್ಗಿ. 1947ರಲ್ಲಿ ಆರಂಭವಾದ ಸುಗ್ಗಿ ಉತ್ಸವ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಮೆರವಣಿಗೆ ನೋಡಲು ಮಕ್ಕಳು ಮರಿಗಳೂ ಬರುತ್ತಾರೆ. ವೈನ್ ಮಾತ್ರ 18 ತುಂಬಿದವರಿಗೆ.

ವೈನರಿಯಿಂದ ವೈನರಿಗೆ ಸುತ್ತಿ ರುಚಿ ಹೋಲಿಸುವುದೇ ಉತ್ಸವದ ಸೊಗಸು. ಆದರೆ ರುಚಿ ನೋಡುವುದೆಂದರೆ ಕುಡಿಯುವುದಲ್ಲ. ಬಣ್ಣ ನೋಡಿ, ಲೋಟ ಅಲ್ಲಾಡಿಸಿ ಮೂಸಿ, ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ, ಪಕ್ಕದ ಪೀಕದಾನಿಗೆ ಉಗುಳುತ್ತಾರೆ. ಎಲ್ಲವನ್ನೂ ನುಂಗುತ್ತ ಹೋದರೆ ನಾಲ್ಕನೆಯ ವೈನರಿಯಲ್ಲಿ ಹೋಲಿಸಲು ನಾಲಗೆ ಎಲ್ಲಿರುತ್ತದೆ!

ಕಣಿವೆಯ ಮುಖ್ಯ ದ್ರಾಕ್ಷಿ ಶಿರಾಜ್. ತಳಿ ಒಂದೇ ಆದರೂ ವೈನ್ ಒಂದೇ ಅಲ್ಲ. ಲ್ಯಾಂಗ್‌ಮೈಲ್ ವೈನರಿಯ ಹೆಮ್ಮೆ 1843ರಲ್ಲಿ ನೆಟ್ಟದ್ದೆನ್ನಲಾದ ಬಳ್ಳಿಗಳು. 19ನೇ ಶತಮಾನದಲ್ಲಿ ಯೂರೋಪಿನ ತೋಟಗಳನ್ನು ಹಾಳುಗೆಡವಿದ ಫಿಲಾಕ್ಸೆರ ಎಂಬ ಬೇರುಕೀಟ ಇಲ್ಲಿಗೆ ಕಾಲಿಡಲಿಲ್ಲ. ಮುದಿ ಬಳ್ಳಿಯ ಫಸಲು ಕಡಿಮೆ, ಆದರೆ ರುಚಿ ಗಾಢ ಎನ್ನುತ್ತಾರೆ ಬಲ್ಲವರು. 1849ರ ಯಲುಂಬದಲ್ಲಿ ಪೀಪಾಯಿಗಳನ್ನೂ ಅಲ್ಲೇ ಮಾಡುತ್ತಾರೆ. ಓಕ್ ಮರ ವೈನಿಗೆ ತನ್ನ ಕಂಪು, ಒಗರನ್ನು ಕೊಡುತ್ತದೆ. ಸೆಪೆಲ್ಟ್ಸ್‌ಫೀಲ್ಡ್‌ನಲ್ಲಿ ಕಾಲವೇ ಪಾಕಕಾರ. 1878ರಲ್ಲಿ ಬೆನ್ನೊ ಸೆಪೆಲ್ಟ್ ಒಂದು ಪೀಪಾಯಿ ಸಿಹಿ ವೈನ್ ತೆಗೆದಿಟ್ಟು, ನೂರು ವರ್ಷ ಯಾರೂ ಮುಟ್ಟಕೂಡದೆಂದರು. ತಾವು ಅದನ್ನು ಸವಿಯಲಾರೆವೆಂದು ಅವರಿಗೆ ಗೊತ್ತಿತ್ತು. ಅಂದಿನಿಂದ ಪ್ರತಿ ವರ್ಷವೂ ಹೀಗೆ ಇಡುವ ಪದ್ಧತಿ ಬೆಳೆಯಿತು.

ಆದರೆ ಈ ಕಣಿವೆ ಕಾಯುವ ತಾಳ್ಮೆ ಕಳೆದುಕೊಂಡ ದಿನಗಳೂ ಇದ್ದವು. 1970ರ ದಶಕದ ಕೊನೆಗೆ ಕೆಂಪು ದ್ರಾಕ್ಷಿ ಕೊಳ್ಳುವವರಿಲ್ಲದಾಯಿತು. ಪೀಟರ್ ಲೇಮನ್ ಆಗ ವೈನರಿಯೊಂದರ ವ್ಯವಸ್ಥಾಪಕ. ಬೆಳೆಗಾರರಿಂದ ದ್ರಾಕ್ಷಿ ಕೊಳ್ಳಬೇಡವೆಂದು ಮೇಲಿನವರ ಆಜ್ಞೆ. ಕೊಳ್ಳುವೆನೆಂದು ಮಾತು ಕೊಟ್ಟಾಗಿತ್ತು! ಅವರು ಹೊರಬಂದು 1979ರಲ್ಲಿ ಸ್ವಂತ ಉದ್ಯಮ ಕಟ್ಟಿ, ಬೆಳೆಗಾರರ ಹಣ್ಣು ಕೊಂಡರು. 1980ರ ದಶಕದ ನಡುವೆ ಬಳ್ಳಿ ಕೀಳುವವರಿಗೆ ಸರಕಾರವೇ ಹಣ ಕೊಟ್ಟಿತು. ಎಷ್ಟೋ ಹಳೆಯ ತೋಟಗಳು ಮಣ್ಣುಪಾಲಾದವು. ಉಳಿದವೇ ಇಂದು ಕಣಿವೆಯ ಕೀರ್ತಿ. 2009ರಲ್ಲಿ ಬರೋಸ ತನ್ನ ಬಳ್ಳಿಗಳಿಗೆ ವಯಸ್ಸಿನ ದರ್ಜೆ ಕೊಟ್ಟಿತು. 125 ದಾಟಿದವು 'ಪೂರ್ವಜ' ಬಳ್ಳಿಗಳು.

ಅಪ್ಪ ನೆಟ್ಟ ಆಲದಮರವೆಂದು ನೇಣು ಹಾಕಿಕೊಳ್ಳಬಾರದು, ನಿಜ. ಹಳೆಯದೆಂಬ ಒಂದೇ ಕಾರಣಕ್ಕೆ ಕಡಿದುಹಾಕಲೂ ಬಾರದು. ಓದಿಗಾಗಲಿ, ಮಕ್ಕಳನ್ನು ಬೆಳೆಸುವುದಕ್ಕಾಗಲಿ ಈ ಮಾತು ಅನ್ವಯಿಸದೇ ಇದ್ದೀತೆ?