ಕಲಿಸುವುದೊಂದು, ಕೇಳುವುದೊಂದು

ಈಗ ಬಿ.ಎಸ್ಸಿ. ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗದ ಮಾತು ಬಂತು. ‘ನಿನಗೆ ಎಷ್ಟು ಬಂತಪ್ಪಾ?’ ಎಂದೆ. ‘9.8 ಸಾರ್. ಎಲ್ಲರಿಗೂ ಅಷ್ಟೇ. ಉತ್ತರ ಮೊದಲೇ ಗೊತ್ತಲ್ಲ, ರೀಡಿಂಗ್‌ಗಳನ್ನು ಅದಕ್ಕೆ ಹೊಂದಿಸಿ ಬರೀತೀವಿ’ ಎಂದು ನಕ್ಕ.

ಹುಡುಗನನ್ನು ಬೈದು ಪ್ರಯೋಜನವಿಲ್ಲ. 9.8 ಎಂಬ ಸಂಖ್ಯೆ ಪುಸ್ತಕದಲ್ಲೇ ಇದೆ. ಅದಕ್ಕಾಗಿ ಪ್ರಯೋಗಾಲಯ ಬೇಕಿಲ್ಲ. ಎಚ್ಚರದಿಂದ ಅಳೆಯುವುದು, 20 ಆಂದೋಲನಗಳ ಕಾಲವನ್ನು ಒಟ್ಟಿಗೆ ಏಕೆ ಅಳೆಯಬೇಕೆಂದು ತಿಳಿಯುವುದು, ತಪ್ಪು ಎಲ್ಲಿ ನುಸುಳಿತೆಂದು ಹುಡುಕುವುದು ಇಲ್ಲಿ ಕಲಿಯಬೇಕಾದ ವಿದ್ಯೆ. ಆದರೆ ಅಂಕ ಸಿಗುವುದು ಸಂಖ್ಯೆಗೆ! 9.5 ಎಂದು ಪ್ರಾಮಾಣಿಕವಾಗಿ ಬರೆದವನಿಗೆ ಅಂಕ ಕಡಿತ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತಾಯಿತು.

ಬಿಗ್ಸ್ ಕಂಡ ದಾರಿ

ಈ ಎಳೆದಾಟಕ್ಕೆ ಪರಿಹಾರ ಸೂಚಿಸಿದವರಲ್ಲಿ ಆಸ್ಟ್ರೇಲಿಯದ ಶಿಕ್ಷಣ ಮನೋವಿಜ್ಞಾನಿ ಜಾನ್ ಬಿಗ್ಸ್ ಪ್ರಮುಖರು. ಹಾಂಗ್‌ಕಾಂಗ್‌ನಲ್ಲಿ ವೃತ್ತಿನಿರತ ಶಿಕ್ಷಕರಿಗೆ ಮನೋವಿಜ್ಞಾನ ಬೋಧಿಸುತ್ತಿದ್ದಾಗ ಅವರು ವಾಡಿಕೆಯ ಪರೀಕ್ಷೆಯನ್ನು ಬದಿಗಿಟ್ಟರು. ಮನೋವಿಜ್ಞಾನದಿಂದ ತಮ್ಮ ಪಾಠ ಹೇಗೆ ಸುಧಾರಿಸಿತೆಂಬುದಕ್ಕೆ ಪುರಾವೆಗಳನ್ನು ಶಿಕ್ಷಕರೇ ಆರಿಸಿ ಒಪ್ಪಿಸಬೇಕೆಂದರು. ಮೊದಲು ಗಲಿಬಿಲಿಗೊಂಡ ಶಿಕ್ಷಕರು ಆಮೇಲೆ ಉತ್ಸಾಹದಿಂದ ತೊಡಗಿದರು. ಪರೀಕ್ಷೆಯ ಸಿದ್ಧತೆಯೇ ಕಲಿಕೆಯಾಯಿತು. 1996ರ ತಮ್ಮ ಲೇಖನದಲ್ಲಿ ಬಿಗ್ಸ್ ಈ ಕ್ರಮವನ್ನು ‘ಕನ್‌ಸ್ಟ್ರಕ್ಟಿವ್ ಅಲೈನ್‌ಮೆಂಟ್’ ಎಂದು ಕರೆದರು.

ಇದರ ಗುಟ್ಟು ಕ್ರಿಯಾಪದದಲ್ಲಿದೆ. ವಿದ್ಯಾರ್ಥಿ ‘ಅಳೆದು ವಿಶ್ಲೇಷಿಸಬಲ್ಲ’ ಎಂಬುದು ಗುರಿಯಾದರೆ, ತರಗತಿಯಲ್ಲಿ ಅವನು ಅಳೆಯಬೇಕು, ವಿಶ್ಲೇಷಿಸಬೇಕು. ಪರೀಕ್ಷೆಯೂ ಅದನ್ನೇ ಕೇಳಬೇಕು. ಗುರಿ ‘ವಿಶ್ಲೇಷಿಸು’ ಎಂದಿದ್ದು ಪ್ರಶ್ನೆಪತ್ರಿಕೆ ‘ವ್ಯಾಖ್ಯೆ ಬರೆಯಿರಿ’ ಎಂದರೆ, ಮಕ್ಕಳು ಬಾಯಿಪಾಠಕ್ಕೇ ಶರಣಾಗುತ್ತಾರೆ.

ನಮ್ಮ ಲೋಲಕವನ್ನೇ ನೋಡಿ. ಮಹಡಿಯಿಂದ ಒಂದು ಲೋಲಕ ತೂಗುಬಿಟ್ಟು, ಅಳತೆಪಟ್ಟಿ ಕೊಡದೆ, ಸ್ಟಾಪ್‌ವಾಚ್ ಮಾತ್ರ ಕೊಟ್ಟು ‘ಉದ್ದ ಎಷ್ಟು? ನಿನ್ನ ಉತ್ತರ ಎಷ್ಟು ತಪ್ಪಿರಬಹುದು?’ ಎಂದು ಕೇಳಿದರೆ? ಒಂದು ಆಂದೋಲನಕ್ಕೆ 4 ಸೆಕೆಂಡು ಹಿಡಿದರೆ ಉದ್ದ ಸುಮಾರು 4 ಮೀಟರ್. ಉತ್ತರ ಯಾವ ಪುಸ್ತಕದಲ್ಲೂ ಇಲ್ಲ, ಅಳೆಯದೆ ಗತ್ಯಂತರವಿಲ್ಲ.

ಅಚ್ಚಾದರೆ ಸಾಲದು

ಎಂಜಿನಿಯರಿಂಗ್ ಪದವಿಗಳ ಮಾನ್ಯತೆಗೆ ಸಂಬಂಧಿಸಿದ ‘ವಾಷಿಂಗ್ಟನ್ ಒಪ್ಪಂದ’ಕ್ಕೆ ಭಾರತ 2014ರಲ್ಲಿ ಕಾಯಂ ಸದಸ್ಯನಾಯಿತು. ಕಲಿಕೆಯ ಫಲವೇ ಅದರ ಅಳತೆಗೋಲು. ಇಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ‘ಕೋರ್ಸ್ ಔಟ್‌ಕಮ್’ಗಳು ಅಚ್ಚಾಗಿರುತ್ತವೆ. ಆದರೆ ಪಾಠ ಮತ್ತು ಪ್ರಶ್ನೆಪತ್ರಿಕೆ ಅವುಗಳತ್ತ ತಿರುಗದಿದ್ದರೆ ಅವು ಕಾಗದದ ಹೂವುಗಳು.

ವಿದ್ಯಾರ್ಥಿಗಳು ಆ ಸಾಲುಗಳನ್ನು ವರ್ಷಾರಂಭದಲ್ಲೇ ಓದಿ, ‘ಇದು ನನ್ನ ಕೈಯಲ್ಲಿ ಆಗುತ್ತದೆಯೇ?’ ಎಂದು ಕೇಳಿಕೊಳ್ಳಲಿ. ಇನ್ನು ಹೆತ್ತವರು ಮಕ್ಕಳನ್ನು ‘ಎಷ್ಟು ಬಂತು?’ ಎನ್ನುವ ಬದಲು ‘ಏನು ಮಾಡಲು ಬಂತು?’ ಎಂದು ಕೇಳುವುದು ಒಳ್ಳೆಯದು. ಮೊನ್ನೆ ಆ ಹುಡುಗನನ್ನು ‘ಎಷ್ಟು ಬಂತಪ್ಪಾ?’ ಎಂದು ಕೇಳಿದವನು ನಾನೇ ಅಲ್ಲವೇ? ಮೂವತ್ತು ವರ್ಷದ ರೂಢಿ. ಬಿಡುವುದು ಕಷ್ಟ, ಬಿಡಲೇಬೇಕು.